ನೂಲಿನ ಗಿರಣಿಯ ಹುಡುಗನು

ಆಫ್ರಿಕಾ ಖಂಡದಲ್ಲಿ ಸಂಚರಿಸಿದ ಡೇವಿಡ್ ಲಿವಿಂಗ್‌ಸ್ಟನನ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರುವರು. ಆತನ ಬಾಲ್ಯವನ್ನು ಬಲ್ಲವರು ಕೊಂಚವೇ ಮಂದಿಯೆಂದು ಎಣಿಸುತ್ತೇವೆ.

ಆತನು 1813ರಲ್ಲಿ ಸ್ಕಾಟ್ಲಂಡ್ ದೇಶದ ಬ್ಲಾಂಟೈರ್ ಎಂಬ ಗ್ರಾಮದಲ್ಲಿ, ಒಂದೇ ಕೋಣೆಯ ಮನೆಯಲ್ಲಿ ಹುಟ್ಟಿದನು. ತಂದೆಯು ಚಹಾ ಮಾರುವವನು. ಬಡತನದ ನಿಮಿತ್ತ ಹತ್ತನೆಯ ವಯಸ್ಸಿನಲ್ಲಿಯೇ ಹುಡುಗನನ್ನು ಹತ್ತಿಯ ಗಿರಣಿಗೆ ಕಳುಹಿಸಿದರು. ಬೆಳಿಗ್ಗೆ 6 ಗಂಟೆಯಿಂದ ರಾತ್ರಿ 8ರ ವರೆಗೆ ಕಡಿದ ನೂಲುಗಳನ್ನು ಜೋಡಿಸುವದು ಅವನ ಕೆಲಸ. ಮೊದಲನೆಯ ವಾರದ ಕೂಲಿಯ ಒಂದು ಪಾಲಿನಿಂದ ಲತೀನ್ ವ್ಯಾಕರಣವೊಂದನ್ನು ಕೊಂಡನು. ಗಿರಣಿ ಬಿಟ್ಟ ಮೇಲೆ ರಾತ್ರಿಶಾಲೆ; ತರುವಾಯ ತಾಯಿಯು ಪುಸ್ತಕವನ್ನು ಕಸಿದುಕೊಳ್ಳುವ ತನಕ ಓದು. ಹಗಲಲ್ಲಿ ಪುಸ್ತಕವನ್ನು ಯಂತ್ರದ ಮೇಲೆ ಆನಿಸಿಟ್ಟು, ಅದರ ಮುಂದೆ ಹಾದುಹೋಗುವಾಗಲೆಲ್ಲಾ ಒಂದೊಂದು ವಾಕ್ಯವನ್ನು ಓದುತ್ತಿದ್ದನು.

ಮಕ್ಕಳನ್ನು ಹಾಗೆ ದುಡಿಸುವದನ್ನು ನಾವು ಮೆಚ್ಚೆವು. ಅದೇ ಗಿರಣಿಯಲ್ಲಿ ಬಳಲಿದ ಮಕ್ಕಳು ಅನೇಕರು. ಕಷ್ಟವೊಂದೇ ಅವರನ್ನು ಮೇಲಕ್ಕೆತ್ತಲಿಲ್ಲ. ಇವನ ಮನೆಯಲ್ಲಾದರೋ ಪುಸ್ತಕಕ್ಕೆ ಬೆಲೆಯಿತ್ತು. ತಂದೆಯು ಕಠಿಣನು, ತಾನು ಕೊಟ್ಟ ಭಕ್ತಿಗ್ರಂಥವನ್ನು ಓದಲೊಲ್ಲದ ಮಗನನ್ನು ಬೆತ್ತದಿಂದ ಹೊಡೆದದ್ದುಂಟು. ಆದರೂ 1836ರ ಚಳಿಗಾಲದಲ್ಲಿ ಮಗನು ವೈದ್ಯಶಾಸ್ತ್ರವನ್ನು ಕಲಿಯಹೊರಟಾಗ ಅದೇ ತಂದೆಯು ಹಿಮದಲ್ಲಿ ಗ್ಲಾಸ್ಗೋ ಪಟ್ಟಣದ ವರೆಗೆ ಅವನ ಸಂಗಡ ನಡೆದು, ಅಗ್ಗದ ಕೋಣೆಗಾಗಿ ಬೀದಿಬೀದಿ ಅಲೆದನು. ವಾರಕ್ಕೆ 2 ಶಿಲಿಂಗಿನದೊಂದು ದೊರೆಯಿತು. ಬೇಸಿಗೆಯಲ್ಲಿ ಪುನಃ ಗಿರಣಿಯ ಕೂಲಿ, ಚಳಿಗಾಲದಲ್ಲಿ ವಿದ್ಯೆ. 1840ರಲ್ಲಿ ವೈದ್ಯನಾಗಿ, ಮರುವರುಷ ಆಫ್ರಿಕಾವನ್ನು ಸೇರಿದನು.

ಅಲ್ಲಿ ಮಕ್ಕಳ ಗದ್ದಲ, ಹಾಡು ಕುಣಿತಗಳ ನಡುವೆಯೂ ನೆಮ್ಮದಿಯಿಂದ ಓದಿ ಬರೆಯುತ್ತಿದ್ದನು. ಯಂತ್ರಗಳ ಭೋರಾಟದಲ್ಲಿ ಓದಿ ಬೆಳೆದದ್ದರಿಂದಲೇ ಈ ಶಕ್ತಿಯು ತನಗೆ ಬಂತೆಂದು 1857ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ತಿಳಿಸಿದ್ದಾನೆ.