ಚಂದ್ರಿಯ ಪಾತ್ರ ಮಾಡಿದಾಕೆ ಜೈಲಿನಲ್ಲೂ ಬಾಗಲಿಲ್ಲ: ಸ್ನೇಹಲತಾ ರೆಡ್ಡಿ ಬದುಕು

ಭದ್ರಾವತಿ: ನ್ಯೂ ಟೌನ್‌ನ ಹಿರಿಯರಲ್ಲಿ 'ಸಂಸ್ಕಾರ' ಸಿನಿಮಾ ನೋಡಿದವರು ಈಗಲೂ ಇರಬಹುದು. ಕಥೆ ಬರೆದವರು ಇದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕು ಮೇಳಿಗೆಯ ಯು.ಆರ್. ಅನಂತಮೂರ್ತಿ. ನಾರಣಪ್ಪನ ಪಾತ್ರ ಮಾಡಿದವರು ಕೊನಗವಳ್ಳಿಯ ಪಿ. ಲಂಕೇಶ್. ಚಂದ್ರಿಯ ಪಾತ್ರಕ್ಕೆ ಮಾತ್ರ ಹೊರಗಿನಿಂದ ಒಬ್ಬ ಕಲಾವಿದೆ ಬಂದರು. ಅವರೇ ಸ್ನೇಹಲತಾ ರೆಡ್ಡಿ.

ಹುಟ್ಟಿದ್ದು 1932ರಲ್ಲಿ, ಆಂಧ್ರ ಮೂಲದ ಕ್ರೈಸ್ತ ಕುಟುಂಬದಲ್ಲಿ. ಬ್ರಿಟಿಷರ ಆಡಳಿತ ಕಂಡರೆ ಅವರಿಗೆ ಚಿಕ್ಕಂದಿನಿಂದಲೂ ಆಗುತ್ತಿರಲಿಲ್ಲ. ಹಾಗಾಗಿ ಭಾರತೀಯ ಹೆಸರನ್ನೇ ಇಟ್ಟುಕೊಂಡರು, ಉಡುಗೆಯೂ ಇಲ್ಲಿನದ್ದೇ. ನಾಟಕದ ಹುಚ್ಚು ಜೋರಾಗಿತ್ತು. ಮದ್ರಾಸಿನಲ್ಲಿ 'ಮದ್ರಾಸ್ ಪ್ಲೇಯರ್ಸ್' ತಂಡ ಕಟ್ಟಿದವರಲ್ಲಿ ಇವರೂ ಒಬ್ಬರು. ಕೈಹಿಡಿದದ್ದು ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ ಅವರನ್ನು. ಗಂಡ ಹೆಂಡತಿ ಇಬ್ಬರೂ ರಾಮಮನೋಹರ ಲೋಹಿಯಾ ಹಾದಿ ಹಿಡಿದವರು. ಮಲೆನಾಡಿಗೆ ಲೋಹಿಯಾ ಹೊಸಬರೇನಲ್ಲ. 1951ರಲ್ಲಿ ಕಾಗೋಡು ರೈತರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದವರು ಅವರು.

ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ 'ಸಂಸ್ಕಾರ' 1970ರಲ್ಲಿ ಬಂತು. ನಾರಣಪ್ಪ ಸತ್ತು ಬಿದ್ದಿದ್ದಾನೆ, ಹೆಣ ಸುಡುವವರು ಯಾರು ಅಂತ ಅಗ್ರಹಾರ ಚರ್ಚೆಗೆ ಕೂತಿದೆ. ಆತನ ಜೊತೆ ಬಾಳಿದ ಚಂದ್ರಿ ತನ್ನ ಮೈಮೇಲಿನ ಒಡವೆಯನ್ನೇ ಬಿಚ್ಚಿಟ್ಟು ಸಂಸ್ಕಾರ ಮಾಡಿ ಅನ್ನುತ್ತಾಳೆ. ಚಿನ್ನ ಕಂಡದ್ದೇ ತಡ, ಮಡಿವಂತರ ಕಣ್ಣೇ ಬದಲಾಗುತ್ತದೆ. ಇದು ಜನರನ್ನು ಕೆರಳಿಸೀತು ಅಂತ ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನೇ ತಡೆಯಿತು. ಕೇಂದ್ರ ಸರ್ಕಾರ ತಡೆ ತೆಗೆದ ಮೇಲೆ ತೆರೆ ಕಂಡ ಅದೇ ಚಿತ್ರ, ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು.

ಪರದೆಯ ಮೇಲೆ ಸತ್ಯ ಹೇಳಿದ್ದಕ್ಕೆ ಕೊನೆಗೆ ಪ್ರಶಸ್ತಿಯಾದರೂ ಸಿಕ್ಕಿತು. ಹೊರಗಿನ ಲೆಕ್ಕ ಬೇರೆಯೇ ಆಯಿತು.

1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪತ್ರಿಕೆಗಳ ಬಾಯಿಗೆ ಬೀಗ. ಸ್ನೇಹಲತಾ ಸುಮ್ಮನೆ ಕೂರಲಿಲ್ಲ. ಭೂಗತರಾಗಿ ಹೋರಾಡುತ್ತಿದ್ದ ಜಾರ್ಜ್ ಫರ್ನಾಂಡಿಸ್ ಈ ಕುಟುಂಬದ ಸ್ನೇಹಿತರು. 1976ರ ಮೇ 2ರಂದು ಪೊಲೀಸರು ಸ್ನೇಹಲತಾ ಅವರನ್ನು ಹಿಡಿದರು. ಬರೋಡಾ ಡೈನಮೈಟ್ ಪ್ರಕರಣದ ಹೆಸರು ಬಂತು. ಜೂನ್‌ನಲ್ಲಿ ಜಾರ್ಜ್ ಕಲ್ಕತ್ತಾದಲ್ಲಿ ಸಿಕ್ಕಿಬಿದ್ದರು. ಆಮೇಲೆ ಹಾಕಿದ ಆರೋಪಪಟ್ಟಿಯಲ್ಲಿ 25 ಜನರಿದ್ದರು, ಸ್ನೇಹಲತಾ ಹೆಸರು ಅದರಲ್ಲಿ ಇರಲೇ ಇಲ್ಲ. ಆದರೂ ಬಿಡಲಿಲ್ಲ. ವಿಚಾರಣೆಯಿಲ್ಲದೆ ಕೂಡಿಹಾಕಲು ಮೀಸಾ ಕಾಯ್ದೆ ಇತ್ತಲ್ಲ!

ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಕಳೆದರು. ಮೊದಲೇ ಅಸ್ತಮಾ ರೋಗಿ. ಸರಿಯಾದ ಚಿಕಿತ್ಸೆ ಸಿಗದೆ ಉಸಿರಾಟ ದಿನದಿಂದ ದಿನಕ್ಕೆ ಕಷ್ಟವಾಯಿತು. ಅದೇ ಜೈಲಿನಲ್ಲಿದ್ದ ಮಧು ದಂಡವತೆ, ರಾತ್ರಿಯ ಮೌನದಲ್ಲಿ ಅವರ ನರಳಾಟ ಕೇಳಿಸುತ್ತಿತ್ತು ಎಂದು ಮುಂದೆ ನೆನೆದಿದ್ದಾರೆ. ಆ ಸ್ಥಿತಿಯಲ್ಲೂ ಸ್ನೇಹಲತಾ ಜೊತೆಗಿದ್ದ ಹೆಣ್ಣುಮಕ್ಕಳ ಊಟ ಸುಧಾರಿಸಬೇಕು, ಅವರನ್ನು ಹೊಡೆಯಬಾರದು ಅಂತ ಜಗಳ ಕಾಯ್ದರು. ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟರು. ಅದು ಪುಸ್ತಕವಾಗಿ ಬಂದದ್ದು ಅವರು ಹೋದ ಮೇಲೆ.

ಇನ್ನು ಉಳಿಯುವುದು ಕಷ್ಟ ಅನ್ನುವಾಗ, 1977ರ ಜನವರಿ 15ರಂದು ಪೆರೋಲ್ ಮೇಲೆ ಮನೆಗೆ ಕಳಿಸಿದರು. 18ರಂದು ಚುನಾವಣೆ ಘೋಷಣೆಯಾಯಿತು. ದೇಶ ನಿಟ್ಟುಸಿರು ಬಿಟ್ಟಿತು. 20ರಂದು ಸ್ನೇಹಲತಾ ತೀರಿಕೊಂಡರು. ವಯಸ್ಸು ಇನ್ನೂ 50 ತುಂಬಿರಲಿಲ್ಲ. ಅವರ ಮೇಲಿನ ಆರೋಪವನ್ನು ಯಾವ ಕೋರ್ಟೂ ವಿಚಾರಣೆ ಮಾಡಲಿಲ್ಲ, ಆದರೆ ಶಿಕ್ಷೆ ಮಾತ್ರ ಪೂರ್ತಿ ಆಗಿಹೋಯಿತು.

ಬೆಂಗಳೂರಿನ ಶೇಷಾದ್ರಿ ರಸ್ತೆಯ ಆ ಹಳೇ ಜೈಲೇ ಇವತ್ತಿನ ಫ್ರೀಡಂ ಪಾರ್ಕ್. ನ್ಯೂ ಟೌನ್‌ನಿಂದ ಯಾರಾದರೂ ಧರಣಿಗೆಂದು ಬೆಂಗಳೂರಿಗೆ ಹೋದರೆ ಕೂರಬೇಕಾದದ್ದು ಅಲ್ಲಿಯೇ. ಮೈಕ್ ಹಿಡಿದು ಸರ್ಕಾರವನ್ನು ಪ್ರಶ್ನೆ ಮಾಡಿ, ಸಂಜೆ ರೈಲು ಹತ್ತಿ ಊರಿಗೆ ವಾಪಸ್ ಬರಬಹುದು. ಅದೇ ಜಾಗದಲ್ಲಿ ಸ್ನೇಹಲತಾ ಎಂಟು ತಿಂಗಳು ಉಸಿರಿಗಾಗಿ ಒದ್ದಾಡಿದ್ದರು.