ಲಾಟೀನು ಬೆಳಕಲ್ಲಿ ತಯಾರಾದ ಔಷಧಿ: ಉಪೇಂದ್ರನಾಥ ಬ್ರಹ್ಮಚಾರಿ ಯಾರು?

ಡಾ. ಉಪೇಂದ್ರನಾಥ ಬ್ರಹ್ಮಚಾರಿ (1873–1946) ಅವರಿಗೆ ನೊಬೆಲ್ ಬಂದಿತ್ತೇ? ಇಲ್ಲ, 1929ರಲ್ಲಿ ಅವರ ಹೆಸರು ಸೂಚಿಸಲಾಗಿತ್ತು, ಅಷ್ಟೇ. ಹಾಗಂತ ಅವರ ಕೆಲಸ ಸಣ್ಣದಲ್ಲ ಅನ್ನುತ್ತೇವೆ ನಾವು.

ಕಾಲಾ ಅಜರ್ ಬಂದರೆ ಜ್ವರ ಬಿಡದು, ಗುಲ್ಮ ಊದಿ ಹೊಟ್ಟೆ ಉಬ್ಬುತ್ತದೆ. ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನವರು ಸಾಯುತ್ತಾರೆ. ಬಂಗಾಳ, ಅಸ್ಸಾಂನಲ್ಲಿ ಆಗ ಇದ್ದ ಚುಚ್ಚುಮದ್ದನ್ನು ತಿಂಗಳುಗಟ್ಟಲೆ ಕೊಡಬೇಕಿತ್ತು, ವಾಂತಿಯ ಕಾಟ ಬೇರೆ.

ಕಲ್ಕತ್ತಾದ ಕ್ಯಾಂಪ್‌ಬೆಲ್ ಆಸ್ಪತ್ರೆಯಲ್ಲಿ ಅವರಿಗಿದ್ದ ಪ್ರಯೋಗಾಲಯ ಒಂದು ಪುಟ್ಟ ಕೋಣೆ. ಕರೆಂಟ್ ಇಲ್ಲ, ಗ್ಯಾಸ್ ಇಲ್ಲ, ನಲ್ಲಿ ನೀರೂ ಇಲ್ಲ! ಹಗಲೆಲ್ಲ ದುಡಿದು, ರಾತ್ರಿ ಹೊಗೆಯಾಡುವ ಲಾಟೀನು ಹಚ್ಚಿಕೊಂಡು ಅಲ್ಲೇ 1920ರ ಸುಮಾರಿಗೆ ಯೂರಿಯಾ ಸ್ಟಿಬಮೈನ್ ತಯಾರಿಸಿದರು. ಚಿಕಿತ್ಸೆ ಕೆಲವೇ ವಾರಕ್ಕಿಳಿಯಿತು.

ಗುಣವಾದವರ ಚರ್ಮದಲ್ಲೂ ಅದೇ ಪರಾವಲಂಬಿ ಅಡಗಿರಬಹುದು ಎಂದು 1922ರಲ್ಲಿ ತೋರಿಸಿದವರೂ ಅವರೇ. ಇಂದಿಗೂ ಈ ಕಾಯಿಲೆ ವಾಸಿಯಾದವರ ಮೈಮೇಲೆ ಕಲೆ ಕಂಡರೆ ವೈದ್ಯರು ಪರೀಕ್ಷಿಸುವುದು ಅದಕ್ಕೇ.