ಸ್ಫಟಿಕ ಸೌಧದ ಶಿಲ್ಪಿ

ನಿಸರ್ಗವನ್ನು ಕಣ್ತುಂಬ ನೋಡಿದವರು ಅನೇಕರು. ಅದರ ರಚನೆಯ ಗುಟ್ಟನ್ನು ಅರಿತವರು ಕೆಲವರು. ಅರಿತುದನ್ನು ಮಾನವನ ಬಳಕೆಗೆ ತಂದವರು ಇನ್ನೂ ವಿರಳ. ಅಂತಹ ವಿರಳರಲ್ಲಿ ಒಬ್ಬನು ಇಂಗ್ಲೆಂಡಿನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್.

ಪ್ಯಾಕ್ಸ್‌ಟನ್ 1803ರಲ್ಲಿ ಬೆಡ್‌ಫರ್ಡ್‌ಶೈರ್ ಪ್ರಾಂತದ ಮಿಲ್ಟನ್ ಬ್ರಯನ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದನು. ಎಳವೆಯಲ್ಲಿಯೇ ತೋಟದ ಕೆಲಸಕ್ಕೆ ಸೇರಿದ ಅವನಿಗೆ ಉನ್ನತ ವ್ಯಾಸಂಗದ ಭಾಗ್ಯವಿರಲಿಲ್ಲ. ಲಂಡನ್ನಿನ ಬಳಿಯ ಚಿಸಿಕ್ ಉದ್ಯಾನದಲ್ಲಿ ದುಡಿಯುತ್ತಿದ್ದ ಈ ತರುಣನ ಚುರುಕುತನವನ್ನು ಡೆವನ್‌ಶೈರಿನ ಡ್ಯೂಕ್ ಗಮನಿಸಿದನು. 1826ರಲ್ಲಿ, ಪ್ಯಾಕ್ಸ್‌ಟನ್ನನಿಗೆ ಇಪ್ಪತ್ತಮೂರು ತುಂಬುವ ಮುನ್ನವೇ, ಚಾಟ್ಸ್‌ವರ್ತ್‌ನಲ್ಲಿದ್ದ ತನ್ನ ವಿಶಾಲವಾದ ತೋಟದ ಮುಖ್ಯಸ್ಥನನ್ನಾಗಿ ನೇಮಿಸಿದನು. ಉಷ್ಣವಲಯದ ಸಸ್ಯಗಳನ್ನು ಸಾಕಲು ಪ್ಯಾಕ್ಸ್‌ಟನ್ ಅಲ್ಲಿ ಗಾಜಿನ ಮನೆಗಳನ್ನು ಕಟ್ಟಿದನು.

1849ರಲ್ಲಿ ದಕ್ಷಿಣ ಅಮೆರಿಕದ ದೈತ್ಯ ನೈದಿಲೆಯ ಸಸಿಯೊಂದು ಕ್ಯೂ ಉದ್ಯಾನದಿಂದ ಅವನ ಕೈಸೇರಿತು. ಆ ಗಿಡವು ಇಂಗ್ಲೆಂಡಿನಲ್ಲಿ ಅದುವರೆಗೆ ಹೂಬಿಟ್ಟಿರಲಿಲ್ಲ. ಪ್ಯಾಕ್ಸ್‌ಟನ್ ಕೊಳದ ನೀರನ್ನು ಕಾಯಿಸಿ, ಸಣ್ಣ ಚಕ್ರಗಳಿಂದ ಅದನ್ನು ಸದಾ ಚಲಿಸುವಂತೆ ಮಾಡಿದನು. ಅದೇ ನವೆಂಬರಿನಲ್ಲಿ ಹೂವರಳಿತು. ನೀರಿನ ಮೇಲೆ ತೇಲುತ್ತಿದ್ದ ಎಲೆಯ ಮೇಲೆ ಅವನು ತನ್ನ ಪುಟ್ಟ ಮಗಳು ಆನಿಯನ್ನು ನಿಲ್ಲಿಸಿದನು, ಎಲೆ ಮುಳುಗಲಿಲ್ಲ!

ಇಷ್ಟು ತೆಳುವಾದ ಎಲೆಗೆ ಅಷ್ಟು ಬಲವೆಲ್ಲಿಂದ ಬಂದಿತು? ಪ್ಯಾಕ್ಸ್‌ಟನ್ ಎಲೆಯನ್ನು ಮಗುಚಿ ನೋಡಿದನು. ತೊಟ್ಟಿನಿಂದ ಹೊರಟ ದಪ್ಪ ನರಗಳು ಬಂಡಿಯ ಗಾಲಿಯ ಅರೆಕಾಲುಗಳಂತೆ ಹರಡಿ, ಅಂಚಿನತ್ತ ಸಾಗಿದಂತೆ ಕವಲೊಡೆದು ಸಣ್ಣದಾಗಿದ್ದವು. ಅವುಗಳನ್ನು ಅಡ್ಡನರಗಳು ಬಂಧಿಸಿದ್ದವು. ಒಂದೆಡೆ ಬಿದ್ದ ಭಾರವು ಇಡೀ ಎಲೆಗೆ ಹಂಚಿಹೋಗುತ್ತಿದ್ದಿತು. ಕಡಿಮೆ ಪದಾರ್ಥದಿಂದ ಹೆಚ್ಚು ಬಲವನ್ನು ಪಡೆಯುವ ಲೆಕ್ಕಾಚಾರವು ಅಲ್ಲಿ ಅಡಗಿದ್ದಿತು.

ಈ ಪಾಠವು ಬೇಗನೆ ಉಪಯೋಗಕ್ಕೆ ಬಂದಿತು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಮಹಾ ಪ್ರದರ್ಶನವೊಂದು ನಡೆಯಬೇಕಾಗಿದ್ದಿತು. ಕಟ್ಟಡಕ್ಕಾಗಿ ಬಂದ 245 ನಕ್ಷೆಗಳಲ್ಲಿ ಒಂದೂ ಒಪ್ಪಿಗೆಯಾಗಲಿಲ್ಲ. ಉಳಿದಿದ್ದ ಕಾಲ ಒಂದು ವರ್ಷಕ್ಕೂ ಕಡಿಮೆ. ಆಗ ಪ್ಯಾಕ್ಸ್‌ಟನ್ ಸಭೆಯೊಂದರಲ್ಲಿ ಕುಳಿತಿದ್ದಾಗಲೇ ಒತ್ತುಕಾಗದದ ಮೇಲೆ ಗಾಜಿನ ಸೌಧದ ರೂಪರೇಖೆಯನ್ನು ಗೀಚಿದನು. ಗಾಳಿಗೆ ಅದು ಕುಸಿಯುವುದೆಂದು ಹಲವರು ಹೆದರಿದರು. ತೋಟಗಾರನಿಗೆ ಈ ಸಾಹಸವೇಕೆಂದು ಮೂಗು ಮುರಿದವರೂ ಉಂಟು. ಅವನು ಎದೆಗುಂದಲಿಲ್ಲ.

ಸೌಧದ ಗುಟ್ಟೆಲ್ಲವೂ ಒಂದೇ ಅಳತೆಯ ಪುನರಾವರ್ತನೆಯಲ್ಲಿದ್ದಿತು. ಆ ಅಳತೆ 24 ಅಡಿ. ಉದ್ದ 1,848 ಅಡಿ, ಅಂದರೆ 24ರ 77 ಪಟ್ಟು; ಅಗಲ 408 ಅಡಿ, ಅಂದರೆ 17 ಪಟ್ಟು. ಸುಮಾರು 3 ಲಕ್ಷ ಗಾಜಿನ ಹಲಗೆಗಳನ್ನು ಬಳಸಲಾಯಿತು. ಕಾರ್ಖಾನೆಗಳಲ್ಲಿ ಎರಕ ಹೊಯ್ದ ಕಬ್ಬಿಣದ ಭಾಗಗಳನ್ನು ಸ್ಥಳದಲ್ಲಿ ಜೋಡಿಸಿದರೆ ಸಾಕಾಗಿದ್ದಿತು. ಪೊಳ್ಳಾದ ಕಂಬಗಳು ಮಾಡಿನ ಭಾರವನ್ನು ಹೊತ್ತುದಲ್ಲದೆ ಮಳೆನೀರನ್ನೂ ಕೆಳಗಿಳಿಸಿದವು. ಅಲ್ಲಿದ್ದ ಹಿರಿಯ ಎಲ್ಮ್ ಮರಗಳನ್ನು ಕಡಿಯದೆ, ಅವುಗಳ ಮೇಲೆ 108 ಅಡಿ ಎತ್ತರದ ಕಮಾನಿನ ಮಾಡನ್ನು ಎತ್ತಲಾಯಿತು. ಮೊದಲು ಸೈನಿಕರನ್ನು ಮೇಲುಪ್ಪರಿಗೆಯಲ್ಲಿ ನಡೆಸಿ ಬಲವನ್ನು ಪರೀಕ್ಷಿಸಿದರು. 1851ರ ಮೇ 1ರಂದು ಬಾಗಿಲು ತೆರೆದ ಸೌಧವನ್ನು ಸುಮಾರು 60 ಲಕ್ಷ ಮಂದಿ ನೋಡಿದರು. ತೋಟಗಾರನು ಸರ್ ಪದವಿಗೆ ಪಾತ್ರನಾದನು.

ಪ್ರದರ್ಶನ ಮುಗಿದ ಬಳಿಕ ಸೌಧವನ್ನು ಕೆಡವಿ ಬಿಸಾಡಲಿಲ್ಲ. ಭಾಗಗಳನ್ನು ಬಿಚ್ಚಿ ಸಿಡನ್‌ಹ್ಯಾಮಿಗೆ ಸಾಗಿಸಿ, ಹಿಂದಿಗಿಂತ ದೊಡ್ಡದಾಗಿ ಕಟ್ಟಿದರು. ಅದು 1854ರಲ್ಲಿ ತೆರೆಯಿತು. ಕಟ್ಟಡವನ್ನು ಬಿಚ್ಚಿ ಮರಳಿ ಬಳಸಬಹುದೆಂಬ ಈ ವಿವೇಕವು, ಭೂಮಿಯ ಸಂಪತ್ತು ಕರಗುತ್ತಿರುವ ಇಂದಿಗೆ ಇನ್ನಷ್ಟು ಬೆಲೆಯುಳ್ಳದ್ದು.

ಪ್ಯಾಕ್ಸ್‌ಟನ್ 1865ರಲ್ಲಿ ತೀರಿಕೊಂಡನು. 1936ರಲ್ಲಿ ಬೆಂಕಿಯು ಸೌಧವನ್ನು ಆಹುತಿ ತೆಗೆದುಕೊಂಡಿತು. ಆದರೆ ಅವನ ಕಲ್ಪನೆ ಅಳಿಯಲಿಲ್ಲ. 1889ರಲ್ಲಿ ಅಡಿಗಲ್ಲು ಹಾಕಲಾದ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೂ ಆ ಸೌಧವೇ ಸ್ಫೂರ್ತಿ. ಎಲೆಯೊಂದನ್ನು ಮಗುಚಿ ನೋಡುವ ಕುತೂಹಲವಿದ್ದವನಿಗೆ ಕೊಳವೇ ಪಾಠಶಾಲೆಯಾಯಿತು.